ನೀನು ನಿನ್ನ ಹಾಗೆ ಹಾಡುತ್ತಿಲ್ಲ!

ಹಾಡುಗಾರನ ಮೇಲೆ ಯಾವ್ಯಾವ ಕಾರಣಕ್ಕೆ ಕೇಸು ಬೀಳಬಹುದು? ಬೇರೆಯವರ ಟ್ಯೂನ್ ಕದ್ದರೆ ಬೀಳಬಹುದು. ಅಡ್ವಾನ್ಸ್ ತಗೊಂಡು ಹಾಡದೇ ಹೋದರೆ ಬೀಳಬಹುದು. ‘ನೀನು ನಿನ್ನ ಹಾಗೆ ಹಾಡುತ್ತಿಲ್ಲ’ ಅಂತ ಯಾರಾದರೂ ಕೋರ್ಟಿಗೆ ಹೋಗುತ್ತಾರಾ?

ಹೋಗಿದ್ದಾರೆ. 1983ರಲ್ಲಿ ಅಮೆರಿಕದ ಗೆಫೆನ್ ರೆಕಾರ್ಡ್ಸ್ ಕಂಪನಿ ತನ್ನದೇ ಗಾಯಕ ನೀಲ್ ಯಂಗ್ ಮೇಲೆ 33 ಲಕ್ಷ ಡಾಲರ್‌ಗಳ ದಾವೆ ಹೂಡಿತು. ದೂರಿನಲ್ಲಿದ್ದದ್ದು ಮುಖ್ಯವಾಗಿ ಎರಡೇ ಮಾತು. ಈತ ಕೊಟ್ಟ ಆಲ್ಬಂಗಳು ಮಾರುಕಟ್ಟೆಗೆ ಒದಗುವಂಥವಲ್ಲ, ಮತ್ತು ಅವು ಈತನ ಹಿಂದಿನ ಸಂಗೀತದ ಹಾಗಿಲ್ಲ. ಕಂಪನಿಯ ಸಿಟ್ಟಿಗೆ ಕಾರಣವಾದದ್ದು ಎರಡು ಆಲ್ಬಂ. ಅವುಗಳಲ್ಲಿ ಮೊದಲನೆಯದು 1982ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಟ್ರಾನ್ಸ್’.

ನಲವತ್ತು ವರ್ಷ ದಾಟಿದರೂ ಈ ಆಲ್ಬಂ ಬಗ್ಗೆ ಜಗಳ ಮುಗಿದಿಲ್ಲ. ಒಬ್ಬರು ಅದನ್ನು ಯಂಗ್ ಮಾಡಿದ ಅತಿ ದೊಡ್ಡ ಎಡವಟ್ಟು ಅಂತಾರೆ. ಇನ್ನೊಬ್ಬರು ಅವನ ಅತ್ಯಂತ ಧೈರ್ಯದ ಕೆಲಸ ಅಂತಾರೆ. ಎಲೆಕ್ಟ್ರಾನಿಕ್ಸ್ ಓದುವ ನನಗೆ ಇದು ಸಿಕ್ಕಿದ್ದು ಸಂಗೀತದ ದಾರಿಯಿಂದಲ್ಲ, ಲ್ಯಾಬಿನ ದಾರಿಯಿಂದ. ಐದನೇ ಸೆಮಿಸ್ಟರಿನ ಡಿಜಿಟಲ್ ಸಿಗ್ನಲ್ ಪ್ರಾಸೆಸಿಂಗ್ ವಿಷಯಕ್ಕೆ ಮಿನಿ ಪ್ರಾಜೆಕ್ಟ್ ಹುಡುಕುತ್ತಿದ್ದಾಗ ಸೀನಿಯರ್ ಒಬ್ಬರು, ‘ವೋಕೋಡರ್ ಮಾಡ್ರೋ, ಅದಕ್ಕೆ ಮುಂಚೆ ಈ ಆಲ್ಬಂ ಕೇಳ್ರೋ’ ಅಂದರು. ಅಂದಿನಿಂದ ನಮ್ಮ ಹಾಸ್ಟೆಲಿನ ಒಂದು ರೂಮಿನಲ್ಲೂ ಆ ಜಗಳದ ಒಂದು ಶಾಖೆ ತೆರೆದಿದೆ.

ಯಾರು ಈ ಯಂಗ್?

ನಮ್ಮ ವಯಸ್ಸಿನವರಿಗೆ ಈ ಹೆಸರು ಅಷ್ಟು ಪರಿಚಯವಿಲ್ಲ. ನೀಲ್ ಯಂಗ್ 1945ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿದವರು. ಐದು ವರ್ಷದ ಹುಡುಗನಾಗಿದ್ದಾಗ ಪೋಲಿಯೊ ಬಂದು ಬದುಕಿ ಉಳಿದವರು. ತಾವೇ ಬರೆದು, ತಾವೇ ರಾಗ ಹಾಕಿ, ಗಿಟಾರ್ ಹಿಡಿದು, ಕುತ್ತಿಗೆಗೆ ಹಾರ್ಮೋನಿಕಾ ಸಿಕ್ಕಿಸಿಕೊಂಡು ಹಾಡುವ ಜಾತಿಯ ಕಲಾವಿದ. ತೆಳ್ಳಗಿನ, ಸ್ವಲ್ಪ ನಡುಗುವ, ಒಮ್ಮೆ ಕೇಳಿದರೆ ಮರೆಯದ ಕಂಠ. 1972ರ ಅವರ ‘ಹಾರ್ವೆಸ್ಟ್’ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ.

ಅಷ್ಟು ದೊಡ್ಡ ಗೆಲುವಿನ ಮೇಲೆ ಬೇರೆ ಯಾರಾದರೂ ಆಗಿದ್ದರೆ ‘ಹಾರ್ವೆಸ್ಟ್’ ಭಾಗ ಎರಡು, ಭಾಗ ಮೂರು ಅಂತ ಮಾಡಿ ಹಾಯಾಗಿರುತ್ತಿದ್ದರು. ಯಂಗ್ ಹಾಗೆ ಮಾಡಲಿಲ್ಲ. ಮುಂದಿನ ಮೂರು ವರ್ಷದಲ್ಲಿ ಮೂರು ಕತ್ತಲೆಯ, ಒರಟಾದ ಆಲ್ಬಂ ತಂದರು. ಆಗಲೂ ಹಲವರು ಮುಖ ಸಿಂಡರಿಸಿದ್ದರು. ಆಮೇಲೆ ಅವೇ ಆಲ್ಬಂಗಳನ್ನು ವಿಮರ್ಶಕರು ತಲೆಯ ಮೇಲೆ ಹೊತ್ತುಕೊಂಡರು. ಹಾಗಾಗಿ ಯಂಗ್ ದಾರಿ ಬದಲಿಸುವುದು ಹೊಸತೇನಲ್ಲ. ಆದರೆ ಅಲ್ಲಿಯವರೆಗೆ ದಾರಿ ಎಷ್ಟೇ ಬದಲಾದರೂ ಕಂಠ ಬದಲಾಗಿರಲಿಲ್ಲ. ‘ಟ್ರಾನ್ಸ್’ನಲ್ಲಿ ಅದೂ ಹೋಯಿತು.

ಒಂಬತ್ತು ಹಾಡುಗಳ ಈ ಆಲ್ಬಂನಲ್ಲಿ ಆರು ಹಾಡುಗಳ ದನಿ ವೋಕೋಡರ್ ಎಂಬ ಯಂತ್ರದೊಳಗಿಂದ ಹಾದು ಬರುತ್ತದೆ. ಕೇಳಿದರೆ ರೋಬೋ ಹಾಡಿದ ಹಾಗೆ. ಶಬ್ದಗಳು ಪೂರ್ತಿ ಬಿಡಿಸುವುದಿಲ್ಲ. ಹಾಳೆ ಹಿಡಿದು ಓದಿಕೊಂಡು ಕೇಳಿದರೂ ಕೆಲವು ಸಾಲು ಕೈಗೆ ಸಿಗುವುದಿಲ್ಲ. ಆಲ್ಬಂ ಬರುವ ಮೊದಲೇ, 1982ರಲ್ಲಿ, ಯಂಗ್ ಈ ಹಾಡುಗಳನ್ನು ಹೊತ್ತು ಯುರೋಪ್ ಪ್ರವಾಸ ಹೋದರು. ಹಳೆಯ ಹಾಡುಗಳನ್ನು ಜೊತೆಗೂಡಿ ಹಾಡೋಣ ಅಂತ ಟಿಕೆಟ್ ತಗೊಂಡು ಬಂದ ಜನರಿಗೆ ವೇದಿಕೆಯಿಂದ ಕೇಳಿಸಿದ್ದು ಯಂತ್ರದ ದನಿ. ಅವರಿಗೆ ಹೇಗಾಗಿರಬೇಡ!

ಯಂತ್ರ ಮಾಡುವುದೇನು?

ಇಲ್ಲಿ ಐದು ನಿಮಿಷ ನನ್ನ ಸಿಲೆಬಸ್ಸಿಗೆ ಬನ್ನಿ. ವೋಕೋಡರ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನಿಗಾಗಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ ಎಂಬ ಎಂಜಿನಿಯರ್ 1920ರ ದಶಕದ ಕೊನೆಯಲ್ಲಿ ಒಂದು ಪ್ರಶ್ನೆ ಹಿಡಿದು ಕೂತರು. ಮಾತನ್ನು ಇಡಿಯಾಗಿ ಕಳಿಸಲು ಕೇಬಲ್ಲಿನಲ್ಲಿ ಜಾಗ ಸಾಲದಿದ್ದರೆ ಮಾತಿನ ಸಾರವನ್ನಷ್ಟೇ ಕಳಿಸಬಹುದೇ?

ಮಾತಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತದೆ. ಗಂಟಲು ಒಂದು ನಾದ ಹೊರಡಿಸುತ್ತದೆ. ನಾಲಗೆ, ತುಟಿ, ದವಡೆ ಸೇರಿ ಆ ನಾದಕ್ಕೆ ಆಕಾರ ಕೊಡುತ್ತವೆ. ‘ಅ’ ‘ಇ’ ‘ಉ’ ಬೇರೆ ಬೇರೆಯಾಗಿ ಕೇಳುವುದು ಈ ಆಕಾರದಿಂದ. ವೋಕೋಡರ್ ಮಾತನ್ನು ಹಲವು ಫ್ರೀಕ್ವೆನ್ಸಿ ಪಟ್ಟಿಗಳಾಗಿ ಸೀಳುತ್ತದೆ. ಪ್ರತಿ ಪಟ್ಟಿಯಲ್ಲಿ ಕ್ಷಣ ಕ್ಷಣಕ್ಕೂ ಎಷ್ಟು ಶಕ್ತಿ ಇದೆ ಎಂದು ಅಳೆಯುತ್ತದೆ. ಗಂಟಲಿನ ನಾದವನ್ನು ಬಿಟ್ಟುಬಿಡುತ್ತದೆ. ಇನ್ನೊಂದು ತುದಿಯಲ್ಲಿ ಬೇರೆ ಯಾವುದೋ ನಾದ ತಂದು, ಸಂಗೀತದಲ್ಲಾದರೆ ಸಿಂಥಸೈಜರ್ ತಂದು, ಈ ಅಳತೆಯ ಪ್ರಕಾರ ಅದನ್ನು ಕೆತ್ತುತ್ತದೆ. ಆಕಾರ ನಿಮ್ಮದು, ನಾದ ಯಂತ್ರದ್ದು.

ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ನಾಯಕರ ಗುಟ್ಟಿನ ಫೋನ್ ಮಾತುಕತೆಗೆ ಬಳಸಿದ ಸಿಗ್‌ಸ್ಯಾಲಿ ವ್ಯವಸ್ಥೆಯ ಒಳಗಿದ್ದದ್ದೂ ಇದೇ ವೋಕೋಡರ್. ಇಂದು ನೀವು ಮನೆಗೆ ಫೋನ್ ಮಾಡಿದಾಗ ಮೊಬೈಲ್ ನಿಮ್ಮ ದನಿಯನ್ನು ಸಣ್ಣ ಸಣ್ಣ ಅಳತೆಗಳಾಗಿ ಪುಡಿಮಾಡಿ ಕಳಿಸಿ, ಆ ಕಡೆ ಮತ್ತೆ ಕಟ್ಟುತ್ತದಲ್ಲ, ಅದಕ್ಕೂ ಮೂಲ ಇದೇ ಆಲೋಚನೆ. ಅಂದಹಾಗೆ, ಇದನ್ನು ಆಟೋಟ್ಯೂನ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಆಟೋಟ್ಯೂನ್ ನಿಮ್ಮ ದನಿಯನ್ನು ಇಟ್ಟುಕೊಂಡು ಶ್ರುತಿ ಸರಿಮಾಡುತ್ತದೆ. ವೋಕೋಡರ್ ನಾದವನ್ನೇ ಬದಲಿಸುತ್ತದೆ.

ನಾವು ಮೂವರು ಸೇರಿ ಕಂಪ್ಯೂಟರಿನಲ್ಲಿ ಹದಿನಾರು ಪಟ್ಟಿಗಳ ವೋಕೋಡರ್ ಮಾಡಿದೆವು. ಮೊದಲು ಹಾಕಿದ್ದು ರೂಂಮೇಟ್‌ನ ದನಿ. ‘ಊಟ ಆಯ್ತಾ?’ ಎಂಬ ಮಾತು ಒಳಗೆ ಹೋಗಿ ಹೊರಬಂದಾಗ ಮೂವರೂ ಬಿದ್ದು ಬಿದ್ದು ನಕ್ಕೆವು. ಕೇಳಿದ್ದು ಏನು ಅಂತ ನಮಗೆ ಗೊತ್ತಿದ್ದರಿಂದ ಅರ್ಥವಾಯಿತು. ಪಕ್ಕದ ರೂಮಿನವನನ್ನು ಕರೆದು ಕೇಳಿಸಿದರೆ ಅವನಿಗೆ ಏನೂ ತಿಳಿಯಲಿಲ್ಲ. ಈ ಸಣ್ಣ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೇಳದೆ ಉಳಿಸಿಕೊಂಡ ಕಾರಣ

ಯಂಗ್ ಈ ಯಂತ್ರದ ಹಿಂದೆ ಯಾಕೆ ಹೋದರು? ಕಾಲದ ಫ್ಯಾಷನ್ ಅಂತ ಆಗ ಬಹಳ ಜನ ಅಂದುಕೊಂಡರು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಅಷ್ಟರಲ್ಲೇ ಇಂಥ ದನಿಯಿಂದ ಹೆಸರು ಮಾಡಿತ್ತು. ಇವರೂ ಗಾಳಿ ಬಂದ ಕಡೆ ತೂರಿಕೊಂಡರು ಅಂತ ಮಾತು.

ನಿಜವಾದ ಕಾರಣ ಅವರ ಮನೆಯಲ್ಲಿತ್ತು. 1978ರಲ್ಲಿ ಯಂಗ್ ಮತ್ತು ಪೆಗಿ ದಂಪತಿಗೆ ಬೆನ್ ಎಂಬ ಮಗ ಹುಟ್ಟಿದ. ತೀವ್ರವಾದ ಸೆರೆಬ್ರಲ್ ಪಾಲ್ಸಿ. ಕೈಕಾಲು ಹಿಡಿತಕ್ಕೆ ಬರಲಿಲ್ಲ, ಮಾತು ಬರಲಿಲ್ಲ. ತಂದೆತಾಯಿ ದಿನದ ಬಹುಪಾಲು ಹೊತ್ತು ಮಗನಿಗೆ ಒಂದೇ ಬಗೆಯ ವ್ಯಾಯಾಮವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಕಠಿಣ ತರಬೇತಿಗೆ ಇಳಿದರು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಒಪ್ಪದ ವಿಧಾನ ಅದು. ಆದರೆ ದಾರಿ ಕಾಣದ ತಂದೆತಾಯಿ ಸಿಕ್ಕಿದ ಬಾಗಿಲನ್ನೆಲ್ಲ ತಟ್ಟುತ್ತಾರೆ. ‘ಟ್ರಾನ್ಸ್’ ಹುಟ್ಟಿದ್ದು ಆ ವರ್ಷಗಳ ಬೆನ್ನಿಗೆ.

ಆಲ್ಬಂನ ಎದೆಯಂತಿರುವ ಹಾಡು ‘ಟ್ರಾನ್ಸ್‌ಫಾರ್ಮರ್ ಮ್ಯಾನ್’. ಹೆಸರು ಕೇಳಿ ಆಟಿಕೆ ನೆನಪಾದರೆ ಹೇಳಿಬಿಡುತ್ತೇನೆ, ಆ ಆಟಿಕೆಗಳು ಮಾರುಕಟ್ಟೆಗೆ ಬಂದದ್ದು 1984ರಲ್ಲಿ, ಈ ಹಾಡಿನ ನಂತರ. ಹಾಡು ಇರುವುದು ಮಗನನ್ನು ಕುರಿತು. ಒಂದು ಗುಂಡಿ ಒತ್ತಿ ತನ್ನ ಸುತ್ತಲಿನದನ್ನು ನಡೆಸಬಲ್ಲ ಹುಡುಗನ ಚಿತ್ರ ಅದರಲ್ಲಿದೆ. ಯಂಗ್ ಅದನ್ನು ಹಾಡಿಗಷ್ಟೇ ಬಿಡಲಿಲ್ಲ. ಆಟದ ರೈಲುಗಳ ಹುಚ್ಚಿದ್ದ ಅವರು, ಬೆನ್ ಕೂಡ ರೈಲು ಓಡಿಸುವ ಹಾಗೆ ದೊಡ್ಡ ಗುಂಡಿಯ ನಿಯಂತ್ರಕ ಮಾಡಿಸಿದರು. ಮುಂದೆ ಲಯನೆಲ್ ಎಂಬ ಆಟದ ರೈಲು ಕಂಪನಿಯ ಪಾಲುದಾರರೂ ಆದರು.

ವಿಚಿತ್ರವೆಂದರೆ, ಆಲ್ಬಂ ಬಂದಾಗ ಯಂಗ್ ಇದನ್ನೆಲ್ಲ ಹೊರಗೆ ಹೇಳಲಿಲ್ಲ. ಮಗನ ವಿಷಯ ಮನೆಯೊಳಗೇ ಉಳಿಯಿತು. ವರ್ಷಗಳ ನಂತರ ಸಂದರ್ಶನಗಳಲ್ಲಿ, ಮತ್ತೆ 2012ರಲ್ಲಿ ಬಂದ ಆತ್ಮಕಥನದಲ್ಲಿ ಬಿಚ್ಚಿ ಹೇಳಿದರು. ಮಾತು ತಲುಪಿಸಲಾಗದವರ ಬಗೆಗಿನ ಆಲ್ಬಂ ಅದು. ಹಾಗಾಗಿ ಮಾತು ತಲುಪದ ಹಾಗೇ ಹಾಡಿದ್ದರು.

ರೂಮಿನೊಳಗಿನ ಎರಡು ಪಕ್ಷ

ಈಗ ಜಗಳಕ್ಕೆ ಬರೋಣ. ನನ್ನ ರೂಂಮೇಟ್‌ನದು ಒಂದೇ ವಾದ. ‘ಕಥೆ ಕೇಳಿ ಕಣ್ಣಲ್ಲಿ ನೀರು ಬಂತು ಸರಿ. ಆದರೆ ಹಾಡು ಕಥೆಯ ಊರುಗೋಲಿಲ್ಲದೆ ನಿಲ್ಲಬೇಕು. 1982ರಲ್ಲಿ ಅಂಗಡಿಗೆ ಹೋಗಿ ದುಡ್ಡು ಕೊಟ್ಟವನಿಗೆ ಈ ಕಥೆ ಗೊತ್ತಿರಲಿಲ್ಲ. ಅವನಿಗೆ ಸಿಕ್ಕಿದ್ದು ಅರ್ಥವಾಗದ ಗೊಣಗಾಟ. ಅವನು ಬೈದರೆ ತಪ್ಪೇನು?’

ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ನಾವೆಲ್ಲ ಲೇಖಕನ ಕಷ್ಟ ನೋಡಿ ಪುಸ್ತಕಕ್ಕೆ ಅಂಕ ಕೊಡುವುದಿಲ್ಲವಲ್ಲ.

ಕ್ಲಾಸಿನ ಗೆಳತಿಯೊಬ್ಬಳದು ಇನ್ನೊಂದು ಪಕ್ಷ. ‘ಕಥೆ ಗೊತ್ತಾಗುವ ಮೊದಲೇ ನನಗೆ ಆ ಹಾಡಿನಲ್ಲಿ ಯಾರೋ ಗಾಜಿನ ಆಚೆ ನಿಂತು ಮಾತಾಡಿದ ಹಾಗನ್ನಿಸಿತು. ಕಥೆ ಆಮೇಲೆ ಹೆಸರು ಕೊಟ್ಟಿತು, ಅಷ್ಟೇ’ ಅಂತಾಳೆ ಅವಳು.

ಇವರಿಬ್ಬರ ವಾದಕ್ಕೆ ಸಾಕ್ಷಿಯಾಗಿ 1993ರ ಇನ್ನೊಂದು ಆಲ್ಬಂ ಇದೆ. ಎಂಟಿವಿಯ ‘ಅನ್‌ಪ್ಲಗ್ಡ್’ ಕಾರ್ಯಕ್ರಮದಲ್ಲಿ ಯಂಗ್ ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಹಾಡನ್ನು ವೋಕೋಡರ್ ಇಲ್ಲದೆ ತಮ್ಮ ಸ್ವಂತ ಕಂಠದಲ್ಲಿ ಹಾಡಿದರು. ಯಂತ್ರದ ತೊಗಟೆ ಕಳಚಿದ ಮೇಲೆ ಒಳಗಿದ್ದದ್ದು ಒಂದು ಮೆದುವಾದ ಲಾಲಿಯಂಥ ಹಾಡು. ರೂಂಮೇಟ್ ಇದನ್ನು ಕೇಳಿ, ‘ನೋಡು, ನಾನು ಹೇಳಲಿಲ್ಲವಾ? ಹಾಡು ಚೆನ್ನಾಗೇ ಇತ್ತು, ಯಂತ್ರ ಹಾಳು ಮಾಡಿತ್ತು’ ಅಂದ. ಗೆಳತಿ ಇದನ್ನೇ ಕೇಳಿ, ‘ಇಷ್ಟು ಚೆಂದದ ಹಾಡನ್ನು ಬೇಕಂತಲೇ ಯಂತ್ರದೊಳಗೆ ಮುಚ್ಚಿಟ್ಟ ಅಂದರೆ ಅವನಿಗೆ ಆ ಗೋಡೆಯೇ ಮುಖ್ಯವಾಗಿತ್ತು’ ಅಂದಳು. ಒಂದೇ ಸಾಕ್ಷಿ, ಎರಡು ತೀರ್ಪು!

ನನ್ನ ತೀರ್ಪು ಕೇಳಿದರೆ, ‘ಟ್ರಾನ್ಸ್’ ಕಲೆಯಿಲ್ಲದ ವಜ್ರವೇನಲ್ಲ. ವೋಕೋಡರ್ ಇಲ್ಲದ ಮೂರು ಹಾಡುಗಳು ಬೇರೆ ಮದುವೆಗೆ ಹೊರಟು ಈ ಮಂಟಪಕ್ಕೆ ಬಂದ ನೆಂಟರ ಹಾಗಿವೆ. ಅವು ಯಂಗ್ ಅದೇ ಕಾಲದಲ್ಲಿ ಮಾಡಹೊರಟು ಕೈಬಿಟ್ಟ ಇನ್ನೊಂದು ಆಲ್ಬಂಗೆ ಸೇರಿದ ಸರಕು. ಕೊನೆಯ ‘ಲೈಕ್ ಆ್ಯನ್ ಇಂಕಾ’ ಹತ್ತು ನಿಮಿಷದ ಹತ್ತಿರ ಎಳೆಯುತ್ತದೆ. ಅವಸರ ಎಷ್ಟಿತ್ತೆಂದರೆ, ಕೊನೆ ಗಳಿಗೆಯಲ್ಲಿ ಕೈಬಿಟ್ಟ ಒಂದು ಹಾಡಿನ ಹೆಸರು ಕವರಿನ ಮೇಲೆ ಹಾಗೇ ಅಚ್ಚಾಗಿ ಉಳಿದಿತ್ತು. 1967ರ ತಮ್ಮ ಹಳೆಯ ಹಾಡು ‘ಮಿಸ್ಟರ್ ಸೋಲ್’ಗೆ ವೋಕೋಡರ್ ತೊಡಿಸಿದ್ದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಆದರೆ ‘ಕಂಪ್ಯೂಟರ್ ಏಜ್’, ‘ಟ್ರಾನ್ಸ್‌ಫಾರ್ಮರ್ ಮ್ಯಾನ್’, ‘ಸ್ಯಾಂಪಲ್ ಅಂಡ್ ಹೋಲ್ಡ್’ ಈ ಮೂರು ಬೇರೆಯೇ. ಮೂರನೆಯ ಹೆಸರು ನೋಡಿ ನನಗೆ ನಗು ಬಂತು. ನಮಗೆ ಅದು ಪರೀಕ್ಷೆಯಲ್ಲಿ ಸರ್ಕ್ಯೂಟ್ ಬರೆದು ವಿವರಿಸುವ ಪ್ರಶ್ನೆ. ಬದಲಾಗುತ್ತಲೇ ಇರುವ ಸಿಗ್ನಲ್ಲನ್ನು ಒಂದು ಕ್ಷಣ ಹಿಡಿದು ನಿಲ್ಲಿಸುವುದು ಅದರ ಕೆಲಸ. ಹಾಡಿನಲ್ಲಿ ಕೂದಲು, ಕಣ್ಣು, ಸ್ವಭಾವ ಎಲ್ಲವನ್ನೂ ಪಟ್ಟಿ ಮಾಡಿ ಯಂತ್ರದ ಸಂಗಾತಿಯನ್ನು ಆರ್ಡರ್ ಮಾಡುವ ಚಿತ್ರವಿದೆ. ಎಐ ಗೆಳತಿ, ಎಐ ಗೆಳೆಯ ಅಂತ ಆ್ಯಪ್ ಬಂದಿರುವ ಈ ಕಾಲದಲ್ಲಿ ಕೇಳಿದರೆ ಹಾಡಿನ ವಯಸ್ಸು ನಂಬಲಾಗುವುದಿಲ್ಲ.

‘ಅವನನ್ನೇ ಕೇಳಿ’

ನಾನು ಗೆಳತಿಯ ಪಕ್ಷಕ್ಕೆ ವಾಲುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ಚಿಕ್ಕಮ್ಮನ ಮಗನಿಗೆ ಈಗ ಹನ್ನೊಂದು ವರ್ಷ. ಅವನಿಗೂ ಸೆರೆಬ್ರಲ್ ಪಾಲ್ಸಿ. ಮಾತಿಲ್ಲ. ಕಣ್ಣು ಮೇಲೆತ್ತಿದರೆ ಹೌದು, ಮುಖ ಪಕ್ಕಕ್ಕೆ ತಿರುಗಿಸಿದರೆ ಬೇಡ. ಮದುವೆ ಮುಂಜಿಗೆ ಕರೆದುಕೊಂಡು ಹೋದರೆ ನೆಂಟರು ಅವನ ತಲೆಯ ಮೇಲಿಂದ ಚಿಕ್ಕಮ್ಮನನ್ನು ಕೇಳುತ್ತಾರೆ, ‘ಇವನಿಗೆ ಪಾಯಸ ಕೊಡಬಹುದಾ?’ ಚಿಕ್ಕಮ್ಮನದು ಯಾವಾಗಲೂ ಒಂದೇ ಉತ್ತರ, ‘ಅವನನ್ನೇ ಕೇಳಿ.’ ಕೇಳಿದವರು ಒಂದು ಕ್ಷಣ ಕಾಯುತ್ತಾರೆ. ಉತ್ತರ ಬರುವುದಕ್ಕೆ ಎರಡು ಕ್ಷಣ ಬೇಕು. ಅಷ್ಟರಲ್ಲಿ ಅವರು ಮುಂದಿನ ಎಲೆಗೆ ಹೋಗಿರುತ್ತಾರೆ.

ಅವನ ಹತ್ತಿರ ಈಗ ಚಿತ್ರಗಳ ಒಂದು ಬೋರ್ಡ್ ಇದೆ. ನೀರು, ಫ್ಯಾನ್, ಅಮ್ಮ, ಹೊರಗೆ, ನೋವು, ಸಾಕು ಹೀಗೆ. ಬೇಕಾದ್ದರ ಕಡೆ ನೋಡುತ್ತಾನೆ. ಒಮ್ಮೆ ದೊಡ್ಡಪ್ಪ ತಮ್ಮ ಕಾಲದ ಪರೀಕ್ಷೆಗಳ ಬಗ್ಗೆ ಅರ್ಧ ಗಂಟೆಯಿಂದ ಭಾಷಣ ಮಾಡುತ್ತಿದ್ದಾಗ ಇವನು ‘ಸಾಕು’ ಚಿತ್ರವನ್ನೇ ದಿಟ್ಟಿಸಿದ್ದು ನಮ್ಮ ಮನೆಯಲ್ಲಿ ದಂತಕಥೆಯಾಗಿದೆ. ಮಾತು ಅವನೊಳಗೆ ಇತ್ತು, ದಾರಿ ಇರಲಿಲ್ಲ, ಅಷ್ಟೇ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾತಿಗೆ ಬದಲಿ ದಾರಿಗಳನ್ನು ಕಲಿಸುವ ಕೆಲಸ ನಡೆಯುತ್ತದೆ ಎಂಬುದು ಎಂಜಿನಿಯರಿಂಗ್ ಓದುವ ಎಷ್ಟೋ ಜನರಿಗೆ ಗೊತ್ತಿಲ್ಲ. ಒಂದು ದೊಡ್ಡ ಸ್ವಿಚ್, ಒಂದು ಮೈಕ್ರೋಕಂಟ್ರೋಲರ್, ಒಂದು ಸ್ಪೀಕರ್ ಸೇರಿದರೆ ಕನ್ನಡದಲ್ಲಿ ‘ನನಗೂ ಪಾಯಸ ಬೇಕು’ ಅನ್ನುವ ಪೆಟ್ಟಿಗೆ ಆಗುತ್ತದೆ. ಫೈನಲ್ ಇಯರಿಗೆ ನಮ್ಮ ತಂಡ ಅದನ್ನೇ ಮಾಡಬೇಕೆಂದು ಗೊತ್ತುಮಾಡಿದೆ.

ಪಕ್ಕದ ರೂಮಿನವನಿಗೆ ‘ಊಟ ಆಯ್ತಾ?’ ಅರ್ಥವಾಗಲಿಲ್ಲ ಅಂದೆನಲ್ಲ. ಮಾರನೇ ದಿನ ಅವನಿಗೆ ಏನು ಹೇಳಿದ್ದು ಅಂತ ತಿಳಿಸಿ ಮತ್ತೆ ಕೇಳಿಸಿದಾಗ, ‘ಇಷ್ಟು ಸ್ಪಷ್ಟವಾಗಿದೆಯಲ್ಲೋ!’ ಅಂದ. ಧ್ವನಿ ಅದೇ ಇತ್ತು. ಚಿಕ್ಕಮ್ಮ ಮಗನ ಮಾತು ಕೇಳಿಸಿಕೊಳ್ಳುವುದೂ ಹೀಗೆಯೇ. ಅವಳ ಕಿವಿ ಚುರುಕು ಅಂತಲ್ಲ, ಏನೋ ಹೇಳುತ್ತಿದ್ದಾನೆ ಎಂದು ಮೊದಲೇ ನಂಬಿ ಕೂತಿರುತ್ತಾಳೆ. ‘ಟ್ರಾನ್ಸ್’ ನನ್ನಿಂದ ಕೇಳಿದ್ದೂ ಆ ನಂಬಿಕೆಯನ್ನೇ. ಹಾಡು ಕಥೆಯ ಊರುಗೋಲಿಲ್ಲದೆ ನಿಲ್ಲಬೇಕು ಎಂಬ ರೂಂಮೇಟ್‌ನ ವಾದಕ್ಕೆ ನನ್ನ ಉತ್ತರ ಇಷ್ಟೇ: ಕೆಲವು ದನಿಗಳು ಎರಡನೇ ಸಲಕ್ಕೆ ಮಾತ್ರ ಕೇಳಿಸುತ್ತವೆ. ಅದು ದನಿಯ ದೋಷವೇ ಆಗಿರಬೇಕಿಲ್ಲ.

ನಮಗೂ ಬೀಳುವ ಕೇಸು

ಈ ವರ್ಷ ಪ್ಲೇಸ್‌ಮೆಂಟ್ ತಯಾರಿಗೆ ಅಂತ ನಮಗೆ ಅಣಕು ಗ್ರೂಪ್ ಡಿಸ್ಕಷನ್ ನಡೆಸುತ್ತಿದ್ದಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನೊಬ್ಬ ನಮ್ಮ ತಂಡದಲ್ಲಿದ್ದಾನೆ. ಹಾಸ್ಟೆಲಿನಲ್ಲಿ ಸರ್ಕ್ಯೂಟ್ ಬಿಡಿಸಿ ಹೇಳಲು ಕೂತರೆ ಲೆಕ್ಚರರ್ ಬೇಡ ಅನ್ನಿಸುತ್ತದೆ. ಅದೇ ಹುಡುಗ ಡಿಸ್ಕಷನ್ನಿನಲ್ಲಿ ಇಂಗ್ಲಿಷಿಗೆ ಬಾಯಿ ತೆರೆದರೆ ಅವನ ಮಾತು ವೋಕೋಡರಿನಿಂದ ಹೊರಬಂದ ಹಾಗಾಗುತ್ತದೆ. ಆಕಾರ ಇರುತ್ತದೆ, ಅವನ ದನಿ ಇರುವುದಿಲ್ಲ. ಫೀಡ್‌ಬ್ಯಾಕ್ ಹಾಳೆಯಲ್ಲಿ ‘ಕಮ್ಯುನಿಕೇಷನ್ ಪೂರ್’ ಅಂತ ಒಂದು ಗೆರೆ. ಅವನು ಇಂಗ್ಲಿಷ್ ಕಲಿಯಬೇಕು, ಕಲಿಯುತ್ತಿದ್ದಾನೆ. ಆದರೆ ಆ ಮೇಜಿನ ಸುತ್ತ ಕೂತ ನಾವು ಏಳು ಜನ ಇನ್ನೆರಡು ಕ್ಷಣ ಕಾದಿದ್ದರೆ ಅವನ ಉತ್ತರವೇ ಎಲ್ಲರಿಗಿಂತ ಸರಿಯಾಗಿತ್ತು ಎಂದು ತಿಳಿಯುತ್ತಿತ್ತು. ಸಂವಹನ ಅಂದರೆ ಬರೀ ಬಾಯಿಯ ಪರೀಕ್ಷೆ ಅಂತ ಯಾರು ಹೇಳಿದ್ದು? ಕಿವಿಗೂ ಅಂಕ ಇರಬೇಕಿತ್ತು.

ಜಗಳ ಎಲ್ಲಿಗೆ ಬಂತು?

ಕೇಸು ಏನಾಯಿತು ಅಂತ ಕೇಳುತ್ತೀರಿ. ಗುತ್ತಿಗೆಯಲ್ಲಿ ತಮಗೆ ಕಲೆಯ ಸ್ವಾತಂತ್ರ್ಯ ಕೊಟ್ಟಿದೆ ಎಂದು ಯಂಗ್ ಪ್ರತಿದಾವೆ ಹೂಡಿದರು. ಕೊನೆಗೆ ರಾಜಿಯಾಯಿತು, ಕಂಪನಿಯ ಒಡೆಯ ಡೇವಿಡ್ ಗೆಫೆನ್ ಕ್ಷಮೆ ಕೇಳಿದರು. ಯಂಗ್ 1988ರ ಹೊತ್ತಿಗೆ ತಮ್ಮ ಹಳೆಯ ಕಂಪನಿ ರಿಪ್ರೈಸ್‌ಗೆ ಮರಳಿದರು. 1989ರಲ್ಲಿ ಹೊಸ ಪೀಳಿಗೆಯ ರಾಕ್ ತಂಡಗಳು ಅವರ ಗೌರವಕ್ಕೆ ಒಂದು ಆಲ್ಬಂ ಮಾಡಿದಾಗ, ಸೋನಿಕ್ ಯೂತ್ ತಂಡ ಅವರ ನೂರಾರು ಹಾಡುಗಳನ್ನು ಬಿಟ್ಟು ಆರಿಸಿಕೊಂಡದ್ದು ‘ಟ್ರಾನ್ಸ್’ನ ‘ಕಂಪ್ಯೂಟರ್ ಏಜ್’ ಹಾಡನ್ನು.

ಆ ಗೌರವ ಆಲ್ಬಂನ ಹಣ ಹೋದದ್ದು ಕ್ಯಾಲಿಫೋರ್ನಿಯಾದ ಬ್ರಿಡ್ಜ್ ಸ್ಕೂಲಿಗೆ. ಮಾತು ಮತ್ತು ಚಲನೆಯ ತೀವ್ರ ತೊಂದರೆ ಇರುವ ಮಕ್ಕಳ ಶಾಲೆ ಅದು. ಕಟ್ಟಿದವರಲ್ಲಿ ಬೆನ್‌ನ ತಾಯಿ ಪೆಗಿ ಒಬ್ಬರು. ಶಾಲೆಗಾಗಿ 1986ರಿಂದ 2016ರವರೆಗೆ ಬಹುತೇಕ ಪ್ರತಿ ವರ್ಷ ಸಂಗೀತ ಕಛೇರಿ ನಡೆಯಿತು. ಅಲ್ಲಿ ಮಕ್ಕಳಿಗೆ ಜಾಗ ವೇದಿಕೆಯ ಮೇಲೇ, ಹಾಡುವವರ ಬೆನ್ನ ಹಿಂದೆ.

ನಮ್ಮ ರೂಮಿನ ಜಗಳ ಮಾತ್ರ ರಾಜಿಯಾಗಿಲ್ಲ. ರೂಂಮೇಟ್ ಈಗಲೂ 1993ರ ಹಾಡನ್ನೇ ಹಾಕುತ್ತಾನೆ, ನಾನು ಹಳೆಯದನ್ನು. ಆಗಲೇಬೇಕು ಅಂತಲೂ ನನಗಿಲ್ಲ. ಒಂದು ಆಲ್ಬಂ ನಲವತ್ತು ವರ್ಷ ಆದಮೇಲೂ ಜಗಳ ಆಡಿಸುತ್ತದೆ ಅಂದರೆ ಅದರಲ್ಲಿ ಜೀವ ಇದೆ ಅಂತಲೇ ಅರ್ಥ. ನೀವೂ ಇಯರ್‌ಫೋನ್ ಹಾಕಿ ಎರಡನ್ನೂ ಕೇಳಿ, ಮೊದಲು 1982ರದ್ದು, ಆಮೇಲೆ 1993ರದ್ದು. ಇಷ್ಟವಾಗದಿದ್ದರೆ ಧಾರಾಳವಾಗಿ ಬೈಯಿರಿ. ರಾಗ ಸಪ್ಪೆ ಅನ್ನಿ, ಯಂತ್ರ ಕಿರಿಕಿರಿ ಅನ್ನಿ, ಹತ್ತು ನಿಮಿಷ ಜಾಸ್ತಿಯಾಯಿತು ಅನ್ನಿ. ‘ಅವನು ಅವನ ಹಾಗಿಲ್ಲ’ ಅನ್ನುವ ದೂರೊಂದನ್ನು ಮಾತ್ರ ಕೊಡಬೇಡಿ. ಅವನ ಹಾಗೆ ಅಂದರೆ ಹೇಗೆ ಅಂತ ಅವನನ್ನೇ ಕೇಳಬೇಕಲ್ಲ. ಕೇಳಿದ ಮೇಲೆ ಎರಡು ಕ್ಷಣ ಕಾಯಲೂ ಬೇಕು.